ಅರ್ಧ ಬಾಗಿಲಿನ ಅತ್ತೆ

ಒಂದೇ ಒಂದು ದಿನದ ಹೊರತು, ಅವರು ಯಾವ ಬಾಗಿಲನ್ನೂ ಪೂರ್ತಿ ತೆರೆದದ್ದನ್ನು ನಾನು ಕಂಡಿಲ್ಲ. ಕಚೇರಿಯ ಗಾಜಿನ ಬಾಗಿಲಾಗಲಿ, ಸಭಾಕೋಣೆಯ ಭಾರದ ಬಾಗಿಲಾಗಲಿ, ಕೊನೆಗೆ ತಮ್ಮದೇ ಮನೆಯ ತಲೆಬಾಗಿಲಾಗಲಿ, ದೇಹ ಅಡ್ಡಡ್ಡವಾಗಿ ಹಾಯುವಷ್ಟು ಮಾತ್ರ ಸರಿಸಿ, ಮೊದಲು ಎಡಭುಜ, ಆಮೇಲೆ ತಲೆ, ಕಡೆಗೆ ಆ ಬೂದುಬಣ್ಣದ ಉದ್ದ ಕೋಟಿನ ಅಂಚು, ಹೀಗೆ ಕಂತುಕಂತಾಗಿ ಒಳಗೆ ಬರುತ್ತಿದ್ದರು. ಬಂದವರು ಗೋಡೆಯ ಮಗ್ಗುಲಲ್ಲೇ ಸರಿದು ನಡೆಯುತ್ತಿದ್ದರು. ಅವರಿಗಾಗಿ ಯಾರೂ ಕುರ್ಚಿ ಎಳೆದುಕೊಳ್ಳಬೇಕಾಗಿರಲಿಲ್ಲ, ಯಾರ ಮಾತೂ ಅರ್ಧಕ್ಕೆ ನಿಲ್ಲುತ್ತಿರಲಿಲ್ಲ. ಸಭೆಯ ನಡುವೆ ತಲೆಯೆತ್ತಿದರೆ ಮೂಲೆಯಲ್ಲಿ ಕುಳಿತಿರುತ್ತಿದ್ದರು. ಯಾವಾಗ ಬಂದರೆಂದು ಹೇಳಬಲ್ಲವರೇ ಇರಲಿಲ್ಲ. ಅಷ್ಟೆತ್ತರದ ಹೆಂಗಸು ಬೆಕ್ಕಿನ ಹೆಜ್ಜೆಯಲ್ಲಿ ಓಡಾಡುವುದನ್ನು ಕಂಡು ಹೊಸದಾಗಿ ಸೇರಿದವರು ಮೊದಮೊದಲು ಬೆಚ್ಚಿಬೀಳುತ್ತಿದ್ದುದೂ ಉಂಟು.

ಕಚೇರಿಯವರೆಲ್ಲ ಅವರನ್ನು ಅತ್ತೆ ಎನ್ನುತ್ತಿದ್ದರು. ಒಬ್ಬ ಪ್ರೋಗ್ರಾಮರ್ ಹುಡುಗಿ, ತಾನು ಬರೆದ ಕೋಡು ಮೂರನೆಯ ಸಲವೂ ಅವರ ಮೇಜಿನಿಂದ ತಿದ್ದುಪಡಿಗೆ ವಾಪಸ್ಸು ಬಂದಾಗ, ಇವರಿಗೊಬ್ಬಳು ಸೊಸೆ ಇದ್ದರೆ ಆ ತಾಯಿಗೆ ನನ್ನದೊಂದು ದೊಡ್ಡ ನಮಸ್ಕಾರ ಎಂದಳಂತೆ. ಅಂದು ಅಂಟಿದ ಹೆಸರು. ಅವರಿಗೆ ಸೊಸೆ ಇರಲಿಲ್ಲ, ಇದ್ದವಳು ಒಬ್ಬಳೇ ಮಗಳು. ಬೆನ್ನ ಹಿಂದಿನ ಹೆಸರು ಬೆನ್ನ ಹಿಂದೆಯೇ ಉಳಿಯುತ್ತದೆಂದು ನಾವು ನಂಬಿದ್ದೆವು. ಒಂದು ಬೆಳಿಗ್ಗೆ ಅದೇ ಹುಡುಗಿಗೆ ಬಂದ ಟಿಪ್ಪಣಿಯಲ್ಲಿ, ಈ ಸಲ ಸರಿಯಾಗಿದೆ, ಇಂತಿ ಅತ್ತೆ, ಎಂದು ಬರೆದಿತ್ತು. ಆಮೇಲೆ ಎದುರಿಗೇ ಹಾಗೆ ಕರೆಯಲು ಯಾರಿಗೂ ಅಂಜಿಕೆ ಉಳಿಯಲಿಲ್ಲ.

ನಮ್ಮದು ಸಣ್ಣ ಸಂಸ್ಥೆ. ಒಂದು ಕಡೆಯಿಂದ ಬರುವ ಬೇಡಿಕೆಗಳನ್ನು ಇನ್ನೊಂದು ಕಡೆಯವರು ಒಂದೊಂದಾಗಿ ಕೈಗೆತ್ತಿಕೊಳ್ಳುವವರೆಗೆ ಕಂಪ್ಯೂಟರಿನೊಳಗೆ ಸಾಲಾಗಿ ನಿಲ್ಲಿಸಿಕೊಂಡು, ಮೊದಲು ಬಂದದ್ದನ್ನು ಮೊದಲು ಬಿಟ್ಟುಕೊಡುವ ತಂತ್ರಾಂಶವನ್ನು ಮಾಡಿ ಮಾರುವುದು ನಮ್ಮ ಕಸುಬು. ಎಲ್ಲರ ಬಾಯಲ್ಲೂ ಅದಕ್ಕೆ ಕ್ಯೂ ಎಂದೇ ಹೆಸರು. ಅತ್ತೆ ಆ ಕ್ಯೂಗಳನ್ನು ಕಟ್ಟಿದವರು. ನಾನು ಅವುಗಳ ಕೈಪಿಡಿ ಬರೆಯುವವನು, ಅಂದರೆ ಅವರು ಮಾಡಿದ್ದನ್ನು ಜನಕ್ಕೆ ತಿಳಿಯುವಂತೆ ಹೇಳಿ ಹೊಟ್ಟೆ ಹೊರೆದುಕೊಳ್ಳುವವನು. ಕ್ಯೂ ಕೊಂಡವರೆಲ್ಲ ಮೊದಲು ಕೇಳುತ್ತಿದ್ದುದು ಒಂದೇ: ಒಳಗೆ ಏನೇನು ಕಾಯುತ್ತಿದೆಯೋ ಅಷ್ಟನ್ನೂ ಪಟ್ಟಿ ಮಾಡಿ ತೋರಿಸಿ. ಕೇಳುವುದು ಸುಲಭ, ನ್ಯಾಯವೂ ಹೌದು. ಆದರೆ ಹರಿಯುತ್ತಿರುವ ಸಾಲಿನ ಪೂರ್ತಿ ಪಟ್ಟಿ ಬೇಕೆಂದರೆ ಆ ಪಟ್ಟಿ ಮುಗಿಯುವವರೆಗೆ ಸಾಲು ಅಲುಗದೆ ನಿಲ್ಲಬೇಕು. ಒಳಬರುವುದು ಹೊರಗೇ, ಹೊರಹೋಗುವುದು ಒಳಗೇ. ಸಾಲು ಉದ್ದವಾದಷ್ಟೂ ನಿಂತಿರುವ ಹೊತ್ತೂ ಉದ್ದ. ನೋಡುವವರಿಗೆ ಅನುಕೂಲ, ಕಾಯುವವರಿಗೆ ಶಿಕ್ಷೆ. ಈ ಎರಡರ ನಡುವೆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಅತ್ತೆಯ ಜೀವಮಾನದ ಚಿಂತೆಯಾಗಿತ್ತು.

ಹೀಗಾಗಿ ಯಾರು ಏನನ್ನು ತೋರಿಸಿ ಎಂದರೂ ಅವರ ಬಾಯಿಂದ ಮೊದಲು ಬರುತ್ತಿದ್ದ ಮಾತು, 'ಅದನ್ನ ನೋಡಿ ಏನ್ ಮಾಡ್ತೀರಿ?' ವ್ಯಂಗ್ಯಕ್ಕೆ ಕೇಳುತ್ತಿದ್ದುದಲ್ಲ, ಅವರಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ಎರಡೂ ಕೈಗಳನ್ನು ಕೋಟಿನ ಆಳದ ಜೇಬುಗಳಿಗೆ ಇಳಿಬಿಟ್ಟು, ತಲೆಯನ್ನು ಕೊಂಚ ಓರೆ ಮಾಡಿ, ಉತ್ತರ ಬರುವವರೆಗೆ ಕದಲದೆ ನಿಲ್ಲುತ್ತಿದ್ದರು. ಕೇಳಿದವರು ತಡವರಿಸಿದರೆ ಆ ಬೇಡಿಕೆ ಅಲ್ಲಿಗೆ ಮುಗಿಯಿತು. ಆ ಕೋಟಾದರೂ ಯಂತ್ರಗಳನ್ನಿಟ್ಟ ತಣ್ಣನೆಯ ಕೋಣೆಗೆಂದು ಎಂದೋ ಹೊಲಿಸಿದ್ದು. ಬರಬರುತ್ತ ಸುಡುಬಿಸಿಲಿನಲ್ಲೂ ಮೈಬಿಡಲಿಲ್ಲ. ಮೊಣಕೈಗಳಲ್ಲಿ ಬೇರೆ ಬಣ್ಣದ ತೇಪೆ, ಒಂದು ಗುಂಡಿ ಇನ್ನೊಂದಕ್ಕೆ ಜೊತೆಯಲ್ಲ. ದೊಡ್ಡ ಗಿರಾಕಿಗಳು ಬರುವ ದಿನವಾದರೂ ಅದನ್ನು ಬಿಚ್ಚಿಡಬಾರದೇ ಎಂದು ನಮ್ಮ ಮಾಲೀಕರು ಒಮ್ಮೆ ಹಲ್ಲುಗಿಂಜಿದಾಗ, ಬಂದವರು ನನ್ನ ಕೋಟು ನೋಡಿ ಏನು ಮಾಡುತ್ತಾರೆ ಎಂದು ಅದೇ ಪ್ರಶ್ನೆ ಕೇಳಿ ಅವರ ಬಾಯಿ ಮುಚ್ಚಿಸಿದ್ದರು.

ಮನೆಯಲ್ಲಿ ಈ ಶಾಸ್ತ್ರದ ಪ್ರಯೋಗ ನಡೆಯುತ್ತಿದ್ದುದು ಫ್ರಿಜ್ಜಿನ ಮೇಲೆ. ಒಮ್ಮೆ ಊಟಕ್ಕೆ ಹೋಗಿದ್ದಾಗ ಕಣ್ಣಾರೆ ಕಂಡೆ. ಅವರ ಯಜಮಾನರು ಶಾಲೆಯೊಂದರಲ್ಲಿ ಚಿತ್ರಕಲೆಯ ಮೇಷ್ಟ್ರು, ನಿಧಾನದ ಮನುಷ್ಯ. ಫ್ರಿಜ್ಜಿನ ಬಾಗಿಲನ್ನು ಅಗಲಕ್ಕೆ ತೆಗೆದು, ಪ್ರದರ್ಶನದಲ್ಲಿ ಚಿತ್ರ ನೋಡುವವರಂತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅತ್ತೆ ಹಿಂದಿನಿಂದ ಬಂದು, ಅವರ ಮೂಗಿಗೆ ತಾಗದಷ್ಟು ಜೋಪಾನವಾಗಿ ಬಾಗಿಲು ಮುಚ್ಚಿದರು. ಏನು ಬೇಕೆಂದು ಯೋಚಿಸಿ ಆಮೇಲೆ ತೆಗೆಯಬೇಕು, ತೆಗೆದಿಟ್ಟುಕೊಂಡು ಯೋಚಿಸಬಾರದು ಎಂಬುದು ಆ ಮನೆಯ ಕಾನೂನು. ಮೇಷ್ಟ್ರು ನನ್ನ ಕಡೆ ತಿರುಗಿ, 'ಒಳಗೇನಿದೆ ಅಂತ ನೋಡ್ದೆ ಏನ್ ಬೇಕು ಅಂತ ಹೇಗಪ್ಪಾ ಗೊತ್ತಾಗತ್ತೆ?' ಎಂದು ಅಹವಾಲು ಸಲ್ಲಿಸಿದರು. ಮದುವೆಗೆ ಮುಂಚೆ ಇವಳು ನನ್ನನ್ನೂ ಅರ್ಧ ಬಾಗಿಲಿಂದಲೇ ನೋಡಿದ್ದು, ಪೂರ್ತಿ ನೋಡಿದ್ದರೆ ಒಪ್ಪುತ್ತಿರಲಿಲ್ಲವೇನೋ ಎಂದೂ ಸೇರಿಸಿದರು. ಮಗಳು ನಕ್ಕಳು, ನಾನೂ ನಕ್ಕೆ. ಅತ್ತೆಯ ವಿದ್ಯೆಗೆ ಇರಬಹುದಾದ ಒಂದೇ ಒಂದು ತಕರಾರನ್ನು ಮೇಷ್ಟ್ರು ಅಂದು ಅಡುಗೆಮನೆಯಲ್ಲಿ ನಿಂತು ಹೇಳಿಬಿಟ್ಟಿದ್ದರೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಈ ಅರ್ಧ ಬಾಗಿಲಿನ ಗುಟ್ಟನ್ನು ಅವರೇ ಒಮ್ಮೆ ಹೇಳಿದ್ದರು. ತಂದೆ ಬೇಗ ತೀರಿಕೊಂಡದ್ದರಿಂದ ಅವರನ್ನು ಸಾಕಿ ಓದಿಸಿದವರು ಅಣ್ಣ. ಅಣ್ಣ ಬೀಗ ರಿಪೇರಿಯವರು. ಮಹಡಿ ಮೆಟ್ಟಿಲಿನ ಕೆಳಗೆ ಒಬ್ಬರು ಕೂರುವಷ್ಟು ಅಂಗಡಿ. ಕೀಲಿಕೈ ಕಳೆದುಕೊಂಡವರು ಕರೆದರೆ ಹೋಗಿ ಬೀಗ ತೆಗೆದುಕೊಡುವರು. ತೆಗೆದ ಮೇಲೆ ಬಾಗಿಲನ್ನು ತಾವು ಎಂದೂ ತಳ್ಳುತ್ತಿರಲಿಲ್ಲವಂತೆ. ಒಂದು ಬೆರಳಿನಷ್ಟು ಸಂದು ಬಿಟ್ಟು, ಕೈ ಒರೆಸಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, ಬೀದಿಯ ಕಡೆ ಮುಖ ಮಾಡಿ ನಿಲ್ಲುವರು. ಮನೆಯವರೇ ತೆರೆದುಕೊಂಡು ಒಳಗೆ ಹೋಗಬೇಕು. 'ಬೀಗ ನಮ್ದು, ಮನೆ ಅವರ್ದು' ಎಂಬುದು ಅಣ್ಣನ ಮಾತು. ಇದನ್ನು ಹೇಳುವಾಗ ಅತ್ತೆಯ ಮುಖದಲ್ಲಿ ಬಂದ ಮೃದುತ್ವವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ತಂಗಿ ಕಂಪ್ಯೂಟರಿನವಳಾದರೂ ಕಸುಬಿನ ಧರ್ಮ ಮೆಟ್ಟಿಲಿನ ಕೆಳಗಿನ ಅಂಗಡಿಯದೇ ಆಗಿತ್ತು.

ಇಂಥವರಿಗೆ ಎದುರಾದವರು ರಕ್ತನಿಧಿಯ ಹಿರಿಯಕ್ಕ. ನಗರದ ಆಸ್ಪತ್ರೆಗಳು ರಕ್ತ ಬೇಕೆಂದು ಕಳಿಸುವ ಬೇಡಿಕೆಗಳೆಲ್ಲ ನಮ್ಮ ಕ್ಯೂನಲ್ಲಿ ನಿಂತು, ರಕ್ತನಿಧಿಯ ರವಾನೆ ಕೋಣೆಯಲ್ಲಿ ಒಂದೊಂದಾಗಿ ಹೊರಬೀಳುತ್ತಿದ್ದವು. ಅಲ್ಲಿನವರು ಅದರಂತೆ ಶೀತಪೆಟ್ಟಿಗೆಗಳಲ್ಲಿ ಚೀಲಗಳನ್ನು ತುಂಬಿ ವ್ಯಾನು ಹತ್ತಿಸುತ್ತಿದ್ದರು. ಆ ಕೋಣೆಯ ಮುಖ್ಯಸ್ಥೆಯನ್ನು ಎಲ್ಲರೂ ಕರೆಯುತ್ತಿದ್ದುದು ಹಿರಿಯಕ್ಕ ಎಂದೇ. ದುಂಡಗಿನ ಮೈ, ದಾರಕ್ಕೆ ಕಟ್ಟಿ ಎದೆಯ ಮೇಲೆ ಇಳಿಬಿಟ್ಟ ಕನ್ನಡಕ, ಮೂರು ಕೋಣೆಗೆ ಕೇಳಿಸುವ ದನಿ. ಬಾಗಿಲುಗಳನ್ನು ಸೊಂಟದಿಂದ ತಳ್ಳಿ, ಮುಚ್ಚಿಕೊಳ್ಳದಂತೆ ಮರದ ತುಂಡೊಂದನ್ನು ಒದ್ದು ಕೆಳಗೆ ಸಿಕ್ಕಿಸಿ ಮುಂದೆ ಹೋಗುವ ಹೆಂಗಸು. ಎಣ್ಣೆ ಸೀಗೆಕಾಯಿ ಸಂಬಂಧ ಎನ್ನುತ್ತಾರಲ್ಲ, ಅದು ಮೊದಲ ದಿನವೇ ಕುದುರಿತು.

ಹಿರಿಯಕ್ಕನಿಗೆ ಎಲ್ಲವೂ ಕಣ್ಣಿಗೆ ಕಾಣಬೇಕಾದದ್ದಕ್ಕೆ ಕಾರಣವಿತ್ತು. ಕಂಪ್ಯೂಟರ್ ಬರುವ ಮುಂಚೆ ಬೇಡಿಕೆಗಳು ಚೀಟಿಗಳಾಗಿ ಬರುತ್ತಿದ್ದ ಕಾಲದಲ್ಲಿ, ಒಂದು ಚೀಟಿ ಜಾರಿ ಕಬ್ಬಿಣದ ಬೀರುವಿನ ಹಿಂದೆ ಬಿದ್ದಿತ್ತು. ಆಸ್ಪತ್ರೆಯಿಂದ ಫೋನು ಬಂದಾಗಲೇ ತಿಳಿದದ್ದು. ಆ ರೋಗಿಗೆ ಹೇಗೋ ಬೇರೆ ಕಡೆಯಿಂದ ರಕ್ತ ದೊರಕಿ ಜೀವ ಉಳಿಯಿತು. ಆದರೆ ಆ ಬೀರುವಿನ ಹಿಂದಿನ ಸಂದು ಹಿರಿಯಕ್ಕನ ಮನಸ್ಸಿನಿಂದ ಹೋಗಲಿಲ್ಲ. ಅಂದಿನಿಂದ ಗಂಟೆಗೊಮ್ಮೆ ಕಾಯುತ್ತಿರುವ ಚೀಟಿಗಳನ್ನೆಲ್ಲ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುವುದು ಅವರ ನೇಮವಾಯಿತು. ಕಂಪ್ಯೂಟರ್ ಬಂದ ಮೇಲೆ ಮುಟ್ಟುವ ಬದಲು 'ಪೂರ್ತಿ ತೋರಿಸು' ಎಂಬ ಬಟನ್ ಒತ್ತುತ್ತಿದ್ದರು. ಅವರನ್ನು ನೋಡಿ ಕೋಣೆಯವರೆಲ್ಲ ಒತ್ತುತ್ತಿದ್ದರು.

ಜನ ಹೆಚ್ಚಾದ ಹೊತ್ತಿಗೇ ಸರಿಯಾಗಿ ಸಾಲು ನಿಂತುಬಿಡುತ್ತದೆ ಎಂಬ ದೂರು ಬಂದಾಗ, ದೊಡ್ಡ ಯಂತ್ರ ಕೊಳ್ಳಲು ಹೇಳಿಬಿಡೋಣ ಎಂದು ಮಾಲೀಕರು ಹೊರಟಿದ್ದರು. ಅತ್ತೆ ಒಪ್ಪಲಿಲ್ಲ. ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿ ರವಾನೆ ಕೋಣೆಯ ಮೂಲೆಯಲ್ಲಿ ಇಡೀ ದಿನ ಕುಳಿತರು. ಪರದೆಗಳ ಕಡೆ ಕಣ್ಣು ಹಾಯಿಸಲಿಲ್ಲ, ಜನರ ಬೆರಳುಗಳನ್ನಷ್ಟೇ ನೋಡುತ್ತಿದ್ದರು. ಸಂಜೆಗೆ ಅವರಿಗೆ ವಿಷಯ ಬಗೆಹರಿದಿತ್ತು. ಸಾಲು ಕೊಂಚ ನಿಧಾನವಾದೊಡನೆ ಯಾರೋ ಒಬ್ಬರು ಅನುಮಾನದಿಂದ ಆ ಬಟನ್ ಒತ್ತುವರು. ಆ ಒತ್ತಿಗೆ ಸಾಲು ಇನ್ನಷ್ಟು ನಿಧಾನ. ಅದನ್ನು ಕಂಡು ಇಬ್ಬರು ಒತ್ತುವರು. ಸ್ವಲ್ಪ ಹೊತ್ತಿಗೆ ಕೋಣೆಗೆ ಕೋಣೆಯೇ ಒತ್ತುತ್ತಿರುವುದು, ಸಾಲು ಕಲ್ಲಾಗಿ ನಿಂತಿರುವುದು. ಅನ್ನ ಬೆಂದಿತೋ ಇಲ್ಲವೋ ಎಂದು ಗಳಿಗೆಗೊಮ್ಮೆ ಮುಚ್ಚಳ ತೆಗೆದರೆ ಅನ್ನ ಬೇಯುವುದು ಯಾವಾಗ? ಇಷ್ಟು ಸರಳವಾದದ್ದು ನಮಗಾರಿಗೂ ಕಂಡಿರಲಿಲ್ಲ. ನನಗಾದ ಬೆರಗನ್ನು ಹೇಳಿಕೊಂಡಾಗ ಅವರು, ಜನ ಏನು ನೋಡುತ್ತಾರೆ ಎನ್ನುವುದನ್ನು ಬಿಟ್ಟು ಹೇಗೆ ನೋಡುತ್ತಾರೆ ಎಂದು ಗಮನಿಸಿದರೆ ಸಾಕು ಎಂದಷ್ಟೇ ಹೇಳಿ ಗೋಡೆಯ ಮಗ್ಗುಲಲ್ಲಿ ಸರಿದು ಹೋದರು.

ಆ ಬಟನ್ನನ್ನು ಅವರು ತೆಗೆದೇಹಾಕಿದರು. ಪರದೆಯ ಮೇಲೆ ಇನ್ನು ಕಾಣುವುದು ಸಾಲಿನ ಮುಂದಿರುವ ಇಪ್ಪತ್ತು ಬೇಡಿಕೆಗಳು ಮಾತ್ರ. ಅದರ ಕೆಳಗೆ ಒಂದು ಬರಹ, 'ಇನ್ನೂ ಸುಮಾರು ಇಷ್ಟು'. ನಿಖರವಾಗಿ ಎಣಿಸಬೇಕೆಂದರೂ ಸಾಲು ನಿಲ್ಲಬೇಕಲ್ಲ, ಅದಕ್ಕೆ ಸುಮಾರು. ಕೈಪಿಡಿಯಲ್ಲಿ ನಾನು, ಇಪ್ಪತ್ತಕ್ಕಿಂತ ಹೆಚ್ಚು ನೋಡುವ ಅಗತ್ಯವಿರುವುದಿಲ್ಲ ಎಂದು ಗಂಭೀರವಾಗಿ ಬರೆದೆ. ಸಾಲು ಹೊಳೆಯಂತೆ ಹರಿಯತೊಡಗಿತು. ಹಿರಿಯಕ್ಕನ ಕಣ್ಣು ಕೆಂಪಾಯಿತು. ಈ ಮಾತು ಬರೆದವರು ಎಂದಾದರೂ ಯಾರಿಗಾದರೂ ಕಾದಿದ್ದಾರೆಯೇ ಎಂದು ನನ್ನನ್ನು ವಿಚಾರಿಸಿಕೊಂಡು, ಆಮೇಲೆ ಅತ್ತೆಯ ಕಡೆ ತಿರುಗಿದರು.

'ರಕ್ತ ಕೇಳ್ದೋರ ಲೆಕ್ಕದಲ್ಲಿ ಸುಮಾರು ಅಂದ್ರೇನು ಮೇಡಂ? ಸುಮಾರು ಒಬ್ಬ ಮನುಷ್ಯ ಅಂತ ಇರ್ತಾನಾ?'

ಅತ್ತೆ ಕೈಗಳನ್ನು ಜೇಬಿಗೆ ಇಳಿಬಿಟ್ಟು ತಮ್ಮ ಎಂದಿನ ಪ್ರಶ್ನೆ ಕೇಳಿದರು. ಅಷ್ಟನ್ನೂ ನೋಡಿ ಏನು ಮಾಡುತ್ತೀರಿ?

'ಏನೂ ಮಾಡಲ್ಲ' ಎಂದರು ಹಿರಿಯಕ್ಕ. 'ಇದೆ ಅಂತ ಗೊತ್ತಾದ್ರೆ ಸುಮ್ನೆ ಕೂತಿರ್ತೀನಿ.'

ಹಿಂದಿರುಗುವ ದಾರಿಯಲ್ಲಿ ಅತ್ತೆ ಆ ಮಾತನ್ನು ನೆನೆದು ನಕ್ಕರು. ಏನೂ ಮಾಡದೆ ಇರುವುದಕ್ಕೆ ಇಷ್ಟೊಂದು ಖರ್ಚೇ ಎಂದರು. ನಾನೂ ಜೊತೆಗೂಡಿ ನಕ್ಕೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬುದು ಆಗ ಇಬ್ಬರಿಗೂ ನೆನಪಾಗಲಿಲ್ಲ.

ಕಾಣದ ಭಯ ಸುಮ್ಮನೆ ಕೂರುವುದಿಲ್ಲ, ಬೇರೆ ದಾರಿ ಹುಡುಕಿಕೊಳ್ಳುತ್ತದೆ. ನಮ್ಮದು ಬಂದಿದೆಯೇ ಎಂದು ಆಸ್ಪತ್ರೆಗಳು ರವಾನೆ ಕೋಣೆಗೆ ಫೋನು ಮಾಡುವುವು. ಮುಂದಿನ ಇಪ್ಪತ್ತರಲ್ಲಿ ಇಲ್ಲದಿದ್ದರೆ ಇವರಿಗೂ ತಿಳಿಯದು. ಯಾವುದಕ್ಕೂ ಇರಲಿ, ಇನ್ನೊಮ್ಮೆ ಕಳಿಸಿಬಿಡಿ ಎನ್ನುವರು. ಹೀಗೆ ಒಂದೇ ರೋಗಿಯ ಬೇಡಿಕೆ ಎರಡಾಗಿ, ಮೂರಾಗಿ ಸಾಲು ಸೇರತೊಡಗಿತು. ಒಬ್ಬರಿಗೇ ಎರಡು ಪೆಟ್ಟಿಗೆ ಸಿದ್ಧವಾಗುವುದು, ಹಿಂದೆ ಇರುವವರು ಅಷ್ಟು ಹೊತ್ತು ಹೆಚ್ಚು ಕಾಯುವುದು. ಹರಿಯುತ್ತಿದ್ದ ಹೊಳೆಯಲ್ಲಿ ಮತ್ತೆ ಹೂಳು ತುಂಬಿತು. ಈ ನಕಲುಗಳು ಎಲ್ಲಿಂದ ಹುಟ್ಟುತ್ತಿವೆ ಎಂದು ತಿಳಿಯಲು ಅತ್ತೆ ಮತ್ತೊಮ್ಮೆ ರವಾನೆ ಕೋಣೆಗೆ ಹೋದರು. ಕೈಪಿಡಿ ತಿದ್ದಬೇಕಾಗಬಹುದೆಂದು ನಾನೂ ಹೋದೆ.

ಅದೇ ದಿನ, ಊರಾಚೆಯ ಹೆದ್ದಾರಿಯಲ್ಲಿ ಬಸ್ಸು ಲಾರಿಗಳು ಡಿಕ್ಕಿಯಾಗಿ ಆಸ್ಪತ್ರೆಗಳೆಲ್ಲ ತುಂಬಿಹೋಗಿದ್ದವು. ಬೇಡಿಕೆಗಳೆಲ್ಲವೂ ತುರ್ತು, ಆದ್ದರಿಂದ ಯಾವುದೂ ಇನ್ನೊಂದಕ್ಕಿಂತ ಮುಂದೆ ಹೋಗುವಂತಿರಲಿಲ್ಲ, ಬಂದ ಕ್ರಮವೇ ಕ್ರಮ. ಸಾಲು ಎಂದೂ ಇಲ್ಲದಷ್ಟು ಉದ್ದವಾಗಿತ್ತು. ಕೋಣೆಯ ತುಂಬ ಪೆಟ್ಟಿಗೆಗಳ ಮುಚ್ಚಳ ಬೀಳುವ ಸದ್ದು, ವ್ಯಾನುಗಳ ಸದ್ದು. ಅತ್ತೆಯ ಫೋನು ಬಂದದ್ದು ಆಗ.

ಫೋನು ಅವರ ಅತ್ತಿಗೆಯದು. ಅಣ್ಣ ಅಂಗಡಿಯಲ್ಲಿ ಕುಳಿತಿದ್ದಂತೆಯೇ ರಕ್ತ ವಾಂತಿ ಮಾಡಿಕೊಂಡು ಬಿದ್ದಿದ್ದರು. ಹೊಟ್ಟೆಯೊಳಗಿನ ಹುಣ್ಣು ಒಡೆದಿತ್ತು. ಹತ್ತಿರದ ಸಣ್ಣ ಆಸ್ಪತ್ರೆಯೊಂದರಲ್ಲಿ ಆಪರೇಷನ್ನಿಗೆ ಒಳಗೆ ಕರೆದೊಯ್ದಾಗಿತ್ತು, ರಕ್ತಕ್ಕೆ ಬೇಡಿಕೆ ಕಳಿಸಿಯಾಗಿತ್ತು, ರಕ್ತ ಮಾತ್ರ ಬಂದಿರಲಿಲ್ಲ. ಆ ಕಡೆಯ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು. 'ನಿಂದೇ ಅಲ್ವೇನಮ್ಮ ಆ ಮಷೀನು? ನಮ್ದು ಬಂದಿದ್ಯೋ ಇಲ್ವೋ ನೋಡಿ ಹೇಳು. ಇವ್ರು ಇನ್ನೊಂದ್ಸಲ ಕಳಿಸ್ಲಾ ಅಂತಿದಾರೆ.'

ಮುಂದಿನ ಇಪ್ಪತ್ತರಲ್ಲಿ ಆ ಆಸ್ಪತ್ರೆಯ ಹೆಸರಿರಲಿಲ್ಲ. ಅದರ ಹಿಂದೆ ಎಷ್ಟೋ ದೂರದಲ್ಲಿರಬಹುದು. ದಾರಿಯಲ್ಲಿ ಕಳೆದುಹೋಗಿ ಸಾಲಿಗೆ ಸೇರಿಯೇ ಇಲ್ಲದಿರಲೂಬಹುದು. ಪರದೆಯ ತಳದಲ್ಲಿ ಅತ್ತೆಯೇ ಇಟ್ಟ 'ಸುಮಾರು' ಕುಳಿತಿತ್ತು. ಅವರು ಅತ್ತಿಗೆಗೆ ಒಂದು ನಿಮಿಷ ಇರಿ ಎಂದು ಹೇಳಿ, ತಮ್ಮ ಲ್ಯಾಪ್‌ಟಾಪು ತೆರೆದರು. ಕೋಣೆಯವರ ಬಟನ್ ಹೋಗಿತ್ತೇ ಹೊರತು ಕ್ಯೂ ಕಟ್ಟಿದವರ ಕೈಯಲ್ಲಿ ಪೂರ್ತಿ ಪಟ್ಟಿ ತೆಗೆಯುವ ಆಜ್ಞೆ ಇದ್ದೇ ಇತ್ತು. ಅದನ್ನು ಅಕ್ಷರ ತಪ್ಪದೆ ಬರೆದು, ಕೊನೆಯ ಕೀಲಿಯ ಮೇಲೆ ಬೆರಳಿಟ್ಟು ಕುಳಿತರು.

ಹಿರಿಯಕ್ಕ ತಮ್ಮ ಕುರ್ಚಿಯನ್ನು ಎಳೆದುಕೊಂಡು ಹತ್ತಿರ ಬಂದರು. ಅವರ ದೊಡ್ಡ ದನಿ ಅಂದು ಸಣ್ಣದಾಗಿತ್ತು. 'ನೋಡ್ಬಿಡಿ ಅಕ್ಕಾ. ನಾನಾಗಿದ್ರೆ ನೋಡ್ತಿದ್ದೆ.'

ನಾನಾಗಿದ್ದರೂ ನೋಡುತ್ತಿದ್ದೆ. ಇಂದು ಅಂಥದೇ ಎದುರಾದರೂ ನೋಡುತ್ತೇನೆ, ಸುಳ್ಳೇಕೆ ಹೇಳಲಿ.

ಅತ್ತೆ ಪರದೆಯಿಂದ ಕಣ್ಣು ತೆಗೆಯದೆ, ಇಷ್ಟುದ್ದದ ಸಾಲನ್ನು ಪೂರ್ತಿ ಓದುವಷ್ಟು ಹೊತ್ತು ಯಾರಿಗೂ ಏನೂ ಹೊರಡುವುದಿಲ್ಲ ಎಂದು ತಮಗೆ ತಾವೇ ಎಂಬಂತೆ ಹೇಳಿಕೊಂಡರು. ಆಮೇಲೆ ಹಿರಿಯಕ್ಕನ ಕಡೆ ತಿರುಗಿ, ಅಂಗಲಾಚುವವರ ದನಿಯಲ್ಲಿ, 'ಮುಂದಕ್ಕೆ ತಳ್ಳೋದಕ್ಕಲ್ಲ ಕಣ್ರೀ. ನೋಡಿ ಏನೂ ಮಾಡಲ್ಲ ನಾನು. ಇದೆ ಅಂತ ಗೊತ್ತಾದ್ರೆ ಸಾಕು, ಸುಮ್ನೆ ಕೂತಿರ್ತೀನಿ' ಎಂದರು.

ಆ ಮಾತು ಯಾರದೆಂದು ಮೂವರಿಗೂ ಗೊತ್ತಿತ್ತು. ಹಿರಿಯಕ್ಕನಿಗೆ ಅಂದು ಗೆಲ್ಲುವ ಅವಕಾಶವಿತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು. ಅವರು ತಮ್ಮ ನೀರಿನ ಬಾಟಲಿಯನ್ನು ಮೇಜಿನ ಮೇಲೆ ಮೆಲ್ಲಗೆ ಅತ್ತೆಯ ಕಡೆಗೆ ಸರಿಸಿದರು. 'ಇಷ್ಟ್ ದಿನ ನೀವು ಹೀಗೇ ಕೂತಿದ್ರಾ?' ಎಂದು ಅತ್ತೆ ಕೇಳಿದ್ದಕ್ಕೆ ಹೌದೆಂದು ತಲೆಯಾಡಿಸಿದರು.

ಅತ್ತೆ ತಾವು ಬರೆದ ಆಜ್ಞೆಯನ್ನು ಒಂದೊಂದೇ ಅಕ್ಷರವಾಗಿ ಅಳಿಸಿದರು. ಲ್ಯಾಪ್‌ಟಾಪು ಮುಚ್ಚಿದರು. ಫೋನೆತ್ತಿಕೊಂಡು, 'ಬೇಡ ಅತ್ತಿಗೆ, ಇನ್ನೊಂದ್ಸಲ ಕಳಿಸ್ಬೇಡಿ ಅನ್ನಿ. ಬಂದಿರುತ್ತೆ' ಎಂದರು. ಬಂದಿದೆ ಎನ್ನಲಿಲ್ಲ, ಆ ಹೊತ್ತಿನಲ್ಲೂ, ಸಾಕಿದ ಅಣ್ಣನ ಹೆಂಡತಿಗೂ, ತಮಗೆ ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಹೇಳಲಿಲ್ಲ. ತಾವು ಕಟ್ಟಿದ ಸಾಲು ಯಾರನ್ನೂ ಕಳೆಯುವುದಿಲ್ಲ ಎಂದು ಅವರು ನೂರಾರು ಗಿರಾಕಿಗಳಿಗೆ ಭರವಸೆ ಕೊಟ್ಟಿದ್ದರು. ಆ ಭರವಸೆಯ ಮೇಲೆ ಅಂದು ತಮ್ಮವರನ್ನೇ ನಿಲ್ಲಿಸಿ, ಎರಡೂ ಕೈಗಳನ್ನು ಜೇಬುಗಳೊಳಗೆ ಇಳಿಸಿ, ನೆಟ್ಟಗೆ ಕುಳಿತರು. ಜೇಬಿನೊಳಗೆ ಮುಷ್ಟಿ ಬಿಗಿದಿರುವುದು ಬಟ್ಟೆಯ ಹೊರಗಿನಿಂದಲೇ ಕಾಣುತ್ತಿತ್ತು. ನಾನು ದೊಡ್ಡವರೆನ್ನಿಸಿಕೊಂಡ ಹಲವರನ್ನು ಹತ್ತಿರದಿಂದ ಕಂಡಿದ್ದೇನೆ. ಮೈ ಜುಮ್ಮೆಂದದ್ದು ಅಂದು, ಆ ತೇಪೆಯ ಕೋಟಿನ ಪಕ್ಕದಲ್ಲಿ.

ಎಷ್ಟು ಹೊತ್ತು ಹಾಗೆ ಕಳೆಯಿತೋ ನಾನು ಗಡಿಯಾರ ನೋಡಲಿಲ್ಲ. ಬೇಡಿಕೆಗಳು ಮೇಲಿನಿಂದ ಒಂದೊಂದಾಗಿ ಕಳಚುತ್ತಿದ್ದವು, ಕೆಳಗಿನಿಂದ ಹೊಸವು ಏರುತ್ತಿದ್ದವು. ಒಂದು ಸಲ ಪಟ್ಟಿಯ ಕಟ್ಟಕಡೆಯ ಸಾಲಿನಲ್ಲಿ ಆ ಸಣ್ಣ ಆಸ್ಪತ್ರೆಯ ಹೆಸರು ಕಾಣಿಸಿತು. ಅತ್ತೆ ಉಸಿರು ಬಿಟ್ಟರು, ಅಷ್ಟೇ. ಅದನ್ನು ಕೇಳಿಯೇ ಹಿರಿಯಕ್ಕನಿಗೆ ತಿಳಿಯಿತು. ಆದರೂ ಅವರು ಅದನ್ನು ಮೇಲಕ್ಕೆ ಎಳೆಯಲಿಲ್ಲ, ಇವರು ಎಳೆಯಿರಿ ಎನ್ನಲಿಲ್ಲ. ಇಬ್ಬರು ಹೆಂಗಸರೂ ಪಕ್ಕಪಕ್ಕದಲ್ಲಿ ಕುಳಿತು ಆ ಹೆಸರು ಮೆಟ್ಟಿಲು ಮೆಟ್ಟಿಲಾಗಿ ಏರುವುದನ್ನು ನೋಡಿದರು. ಸರದಿ ಬಂದಾಗ ಹಿರಿಯಕ್ಕ ತಾವೇ ಎದ್ದು ಪೆಟ್ಟಿಗೆ ತುಂಬಿದರು. ವ್ಯಾನು ಹೊರಟ ಸದ್ದು ಕೇಳಿದ ಮೇಲೆ ಅತ್ತೆ ಎದ್ದು, ಗೋಡೆಯ ಮಗ್ಗುಲನ್ನು ಬಿಟ್ಟು ಕೋಣೆಯ ನಟ್ಟನಡುವೆಯೇ ನಡೆದು ಹೋಗಿ, ಮೆಟ್ಟಿಲ ಕಡೆಯ ಬಾಗಿಲನ್ನು ಎರಡೂ ಕೈಗಳಿಂದ ತಳ್ಳಿದರು. ಅದು ಪೂರ್ತಿ ತೆರೆದು ಗೋಡೆಗೆ ಬಡಿಯಿತು. ಮೆಟ್ಟಿಲ ಮೇಲೆ ಕುಳಿತು, ಯಾರು ನೋಡುತ್ತಾರೆಂದು ಲೆಕ್ಕಿಸದೆ ಅತ್ತರು.

ಅಣ್ಣ ಉಳಿದರು. ಮೊದಲಿಗಿಂತ ಸಣ್ಣಗಾಗಿದ್ದಾರೆ, ಬೀಗಗಳನ್ನು ಮಾತ್ರ ಈಗಲೂ ತೆರೆಯುತ್ತಾರೆ. ಅಂದು ಪಟ್ಟಿ ತೆಗೆದು ನೋಡಿದ್ದರೂ ಅವರು ಉಳಿಯುತ್ತಿದ್ದರೇನೋ. ಸಾಲಿನಲ್ಲಿ ಅವರ ಹಿಂದೆ, ಮುಂದೆ ಇದ್ದವರಲ್ಲಿ ಯಾರು ಉಳಿಯುತ್ತಿರಲಿಲ್ಲವೋ ಯಾರು ಬಲ್ಲರು. ಅಣ್ಣ ಮನೆಗೆ ಬಂದ ವಾರವೇ ಅತ್ತೆ ಮತ್ತೆ ರವಾನೆ ಕೋಣೆಗೆ ಹೋಗಿ ಹಿರಿಯಕ್ಕನ ಮುಂದೆ ನಿಂತರು. 'ನಿಮಗೆ ಲಿಸ್ಟ್ ಬೇಕಿರ್ಲಿಲ್ಲ. ಲಿಸ್ಟಲ್ಲಿ ನಿಮ್ಮೋರು ಇದಾರಾ ಅಂತ ಬೇಕಿತ್ತು. ನಂಗದು ತಲೆಗೆ ಹೋಗ್ಲಿಲ್ಲ' ಎಂದರು.

ಪರದೆಯ ಮೇಲೆ ಈಗಲೂ ಇಪ್ಪತ್ತೇ ಬೇಡಿಕೆ. ಆದರೆ ಅದರ ಮೇಲೊಂದು ಸಣ್ಣ ಪೆಟ್ಟಿಗೆಯಿದೆ. ಬೇಡಿಕೆಯ ಸಂಖ್ಯೆ ಬರೆದರೆ, ಇದೆ, ಮುಂದೆ ಸುಮಾರು ಇಷ್ಟು ಜನ ಇದ್ದಾರೆ ಎಂದೋ, ಇಲ್ಲ ಎಂದೋ, ರವಾನೆಯಾಯಿತು ಎಂದೋ ಉತ್ತರ ಬರುತ್ತದೆ. ಪ್ರತಿ ಬೇಡಿಕೆಯೂ ಸಾಲು ಸೇರುವ ಮುಂಚೆ ತನ್ನ ಸಂಖ್ಯೆಯನ್ನು ಪಕ್ಕದಲ್ಲೊಂದು ಕಡೆ ಬಿಟ್ಟು ಹೋಗುತ್ತದೆ, ಹೊರಡುವಾಗ ರವಾನೆಯೆಂದು ಗುರುತು ಹಾಕಿ ಹೋಗುತ್ತದೆ. ಕೇಳುವುದು ಅಲ್ಲಿ, ಸಾಲಿಗೆ ಸುದ್ದಿಯೇ ಇಲ್ಲ. ಇದರಿಂದ ಒಂದೊಂದು ಬೇಡಿಕೆಗೂ ಕಣ್ಣೆವೆ ಮುಚ್ಚುವಷ್ಟು ತಡವಾಗುತ್ತದೆ. ಅಷ್ಟು ತಡಕ್ಕೆ ಹಿಂದೆ ಎಷ್ಟೋ ಜನರ ಕೋಡನ್ನು ವಾಪಸ್ಸು ಕಳಿಸಿದ್ದ ಅತ್ತೆ ಇದನ್ನು ತಾವಾಗಿಯೇ ತೆತ್ತರು. ಆಸ್ಪತ್ರೆಗಳಿಗೂ ಅದೇ ಪೆಟ್ಟಿಗೆ ಹೋಯಿತು, ನಕಲುಗಳು ನಿಂತವು, ಸಾಲು ಮೊದಲಿಗಿಂತಲೂ ಸರಾಗವಾಯಿತು. ಪೆಟ್ಟಿಗೆಯ ಮೇಲೆ ಏನು ಬರೆಯಲಿ ಎಂದು ನಾನು ಕೇಳಿದ್ದಕ್ಕೆ ಹಿರಿಯಕ್ಕನನ್ನೇ ಕೇಳಿ ಎಂದರು. 'ನಿಮ್ಮವರು ಇದ್ದಾರೆಯೇ?' ಎಂದು ಬರೆಸಿದವರು ಹಿರಿಯಕ್ಕ. ಕೈಪಿಡಿಯ ಆ ಹಳೆಯ ವಾಕ್ಯವನ್ನು ನಾನು ಯಾರೂ ಹೇಳದೆಯೇ ತೆಗೆದುಹಾಕಿದೆ. ಸುಮಾರು ಎಂಬ ಮಾತು ಮಾತ್ರ ಉಳಿದಿದೆ, ಪಕ್ಕದಲ್ಲಿ ಎಣಿಸಿದ ವೇಳೆಯೊಂದಿಗೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳುತ್ತಿದೆಯಲ್ಲ, ಇರಲಿ ಬಿಡಿ ಎಂದು ಹಿರಿಯಕ್ಕ ಅದಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ. ಅತ್ತೆಯ ಮನೆಯ ಫ್ರಿಜ್ಜಿನ ಮುಂದೆ ಮೇಷ್ಟ್ರು ಈಗ ಇಂತಿಷ್ಟು ಹೊತ್ತು ನಿಲ್ಲಬಹುದೆಂಬ ರಾಜಿಯಾಗಿದೆಯೆಂದು ಮಗಳು ಹೇಳುತ್ತಾಳೆ.

ಕಟ್ಟುವ ಜನ ಲೋಕದಲ್ಲಿ ಬಹಳ. ಎಲ್ಲ ಬಾಗಿಲುಗಳನ್ನೂ ಹಾರುಹೊಡೆದು ಇಟ್ಟು ಅದನ್ನೇ ಔದಾರ್ಯವೆನ್ನುವವರು ಕೆಲವರು, ಎಲ್ಲವನ್ನೂ ಮುಚ್ಚಿಟ್ಟು ಅದನ್ನೇ ಶಿಸ್ತೆನ್ನುವವರು ಕೆಲವರು. ನೋಟಕ್ಕೂ ಒಂದು ಬೆಲೆಯಿದೆ, ಅದನ್ನು ತೆರುವವರು ನೋಡುವವರಲ್ಲ, ಹಿಂದೆ ಕಾಯುತ್ತಿರುವವರು ಎಂದು ಬಲ್ಲವರು ಅಪರೂಪ. ಹಾಗೆ ಬಲ್ಲವರಲ್ಲಿ, ನೋಡಲಾಗದವರ ಸಂಕಟಕ್ಕೂ ಒಂದು ಬೆಲೆಯಿದೆಯೆಂದು ತಮ್ಮ ಮೈಮೇಲೆ ತಂದುಕೊಂಡು ಕಲಿತವರು ಇನ್ನೂ ಅಪರೂಪ. ಬಾಗಿಲ ಹೊರಗೆ ನಿಂತವರಿಗೆ ಮನೆಯೆಲ್ಲ ಕಾಣಬೇಕಾಗಿಲ್ಲ. ಒಳಗಿನಿಂದ ಇದ್ದೀನಿ ಎಂಬ ಒಂದು ದನಿ ಕೇಳಿಸಿದರೆ ಎಷ್ಟು ಹೊತ್ತಾದರೂ ನಿಂತಿರುತ್ತಾರೆ. ಆ ದನಿ ಹಾಯುವಷ್ಟು ಸಂದನ್ನು ಅಳೆದು ಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಬೀದಿಯ ಕಡೆ ಮುಖ ಮಾಡಿ ನಿಲ್ಲುವ ಜನರಿಂದ ಲೋಕದ ಸಾಲುಗಳು ನಡೆಯುತ್ತಿವೆ.